ಪೂಜಾರಿಯ ಹೆಬ್ಬೆರಳು

ಪೂಜಾರಿ ತೀರಿಕೊಂಡ ಮೇಲೆ ನಮ್ಮೂರಿನಲ್ಲಿ ಯಾರಿಗೂ ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ಬಸ್‌ಸ್ಟ್ಯಾಂಡಿನ ಪಕ್ಕದ ಗೊಬ್ಬರದಂಗಡಿಯವನು ಹಳೆಯ ಗೂಡ್ಸ್ ಗಾಡಿಯೊಂದನ್ನು ಕೊಳ್ಳಬೇಕೆಂದು ನೋಡಿ ಬಂದಿದ್ದಾನೆ. ದಿನಾ ಬೆಳಿಗ್ಗೆ ಅದರ ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುತ್ತಾನೆ, ಸಣ್ಣದು ಮಾಡಿ ನೋಡುತ್ತಾನೆ, ನಿಟ್ಟುಸಿರು ಬಿಟ್ಟು ಜೇಬಿಗೆ ಹಾಕಿಕೊಳ್ಳುತ್ತಾನೆ. ಅವನ ಎದುರು ಮನೆಯವರು ಮಗಳನ್ನು ಕೊಟ್ಟೂರಿನ ಕಾಲೇಜಿಗೆ ಹಾಕಬೇಕೋ ಹರಪನಹಳ್ಳಿಗೆ ಹಾಕಬೇಕೋ ಎಂದು ಇಡೀ ಬೇಸಿಗೆ ಯೋಚಿಸಿದರು. ಹುಡುಗಿ ತಾನೇ ಹೋಗಿ ಕೂಡ್ಲಿಗಿಯಲ್ಲಿ ಸೇರಿಕೊಂಡು ಬಂದಳು. ಅವಳೊಬ್ಬಳಿಗೆ ಬುದ್ಧಿ ನೆಟ್ಟಗಿದೆ.

ಈ ಗೊಂದಲ ಶುರುವಾದದ್ದು ಪೂಜಾರಿಯ ಮಣ್ಣಿನ ದಿನವೇ. ಹೆಣವನ್ನು ಎಷ್ಟು ಹೊತ್ತಿಗೆ ಎತ್ತಬೇಕೆಂದು ಊರಮ್ಮನನ್ನು ಹೂ ಕೇಳೋಣ ಎಂದರೆ, ಕೇಳುವವರೇ ಚಾಪೆಯ ಮೇಲೆ ಮಲಗಿಬಿಟ್ಟಿದ್ದರು. ಆ ಕಥೆಯನ್ನು ಕೊನೆಗೆ ಹೇಳುತ್ತೇನೆ.

ಹೂ ಕೇಳುವುದು ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಅಮ್ಮನ ಮೂರ್ತಿಯ ಎರಡು ಭುಜಕ್ಕೆ ಒಂದೊಂದು ಕಣಗಿಲೆ ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ಅಂಟಿಸುತ್ತಾರೆ. ಮನಸ್ಸಿನಲ್ಲಿರುವುದನ್ನು ಕೇಳಿಕೊಳ್ಳಬೇಕು. ಬಲಗಡೆಯ ಎಸಳು ಮೊದಲು ಬಿದ್ದರೆ ಮಾಡು ಎಂದು ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ ಎಂದು. ಇಷ್ಟೇ. ಬೋರ್‌ವೆಲ್ ಕೊರೆಸುವುದು, ಸಂಬಂಧ ಕುದುರಿಸುವುದು, ಕುರಿಹಿಂಡನ್ನು ಈ ವರ್ಷ ಯಾವ ಕಡೆ ಹೊಡೆಯುವುದು, ಚುನಾವಣೆಗೆ ನಿಲ್ಲುವುದು, ನಿಂತ ಮೇಲೆ ಹಿಂದೆ ಸರಿಯುವುದು, ಎಲ್ಲವೂ ಈ ಎರಡು ಎಸಳುಗಳ ಮೇಲೆ ನಡೆಯುತ್ತಿತ್ತು. ಆ ಎಸಳುಗಳನ್ನು ಅಂಟಿಸುತ್ತಿದ್ದವರು ಪೂಜಾರಿ.

ನಾನು ಈ ಊರಿನ ಆರೋಗ್ಯ ಉಪಕೇಂದ್ರದ ನರ್ಸು. ಹುಟ್ಟಿದ್ದೂ ಇದೇ ಊರಿನಲ್ಲಿ, ಆದರೆ ಕೆಳಗಿನ ಕೇರಿಯಲ್ಲಿ. ನಮ್ಮಪ್ಪ ಮನೆಯ ಗೋಡೆಯಿಂದ ಎಲ್ಲ ದೇವರ ಪಟಗಳನ್ನು ಇಳಿಸಿ ಬುದ್ಧನದೊಂದನ್ನು ಹಾಕಿದವನು. ಹಾಗಾಗಿ ನಮ್ಮ ಮನೆಯಲ್ಲಿ ಹೂ ಕೇಳುವ ಪದ್ಧತಿಯಿಲ್ಲ. ಇದ್ದಿದ್ದರೂ ನಾವು ಕೇಳಬೇಕಾಗುತ್ತಿದ್ದದ್ದು ಗುಡಿಯ ಮೆಟ್ಟಿಲ ಕೆಳಗೆ ನಿಂತೇ. ಈಗ ಯಾರೂ ನಮ್ಮನ್ನು ಬರಬೇಡಿ ಎನ್ನುವುದಿಲ್ಲ, ಕಾನೂನು ಎಲ್ಲರಿಗೂ ಗೊತ್ತು. ಬನ್ನಿ ಎಂದೂ ಯಾರೂ ಅನ್ನುವುದಿಲ್ಲ. ನಮ್ಮೂರು ಅಷ್ಟರಮಟ್ಟಿಗೆ ಸುಧಾರಿಸಿದೆ.

ಪೂಜಾರಿ ನೋಡಲು ಎಣ್ಣೆ ಕಾಣದ ಗಾಲಿಯಂತೆ ಒಣಕಲು ಮನುಷ್ಯ. ಚಿಕ್ಕಂದಿನಲ್ಲಿ ಕುರಿ ಕಾದವರು, ಆಮೇಲೆ ಅಪ್ಪನಿಂದ ಪೂಜೆ ಬಂತು. ಅಮ್ಮನ ಸೇವೆಗೆಂದು ಜೀವಮಾನದಲ್ಲಿ ಚಪ್ಪಲಿ ಮೆಟ್ಟಲಿಲ್ಲ, ಅದರ ಬಗ್ಗೆ ಅವರಿಗೆ ಬಹಳ ಜಂಭವಿತ್ತು. ಯಾರಾದರೂ ಹೊಸ ಶೂ ಹಾಕಿಕೊಂಡು ಬಂದರೆ ಅದನ್ನೇ ನೋಡುತ್ತ, "ಕಾಲಿಗಿ ಏನಾಗೇತಿ ನಿನಗ?" ಎಂದು ಮರುಕದಿಂದ ಕೇಳುತ್ತಿದ್ದರು. ಮಾತು ಕಡಿಮೆ. ಯಾರಾದರೂ ಕಷ್ಟ ಹೇಳಿಕೊಳ್ಳುವಾಗ ಒಂದು ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳನ್ನು ಪಂಚೆಯ ಅಂಚಿಗೆ ತಿಕ್ಕುತ್ತ, "ಹ್ಞೂಂ" ಎಂದು ಉದ್ದಕ್ಕೆ ಎಳೆಯುತ್ತಿದ್ದರು. ಆ ಹ್ಞೂಂಕಾರಕ್ಕೆ ಅರ್ಧ ಜನಕ್ಕೆ ಹೂ ಬೀಳುವುದಕ್ಕೆ ಮುಂಚೆಯೇ ಸಮಾಧಾನವಾಗಿಬಿಡುತ್ತಿತ್ತು.

ಉಪಕೇಂದ್ರದ ಕಿಟಕಿಯಿಂದ ಗುಡಿಯ ಕಟ್ಟೆ ಕಾಣುತ್ತದೆ. ಮಂಗಳವಾರ, ಶುಕ್ರವಾರ ಅಲ್ಲಿ ಬಂದಿಳಿಯುತ್ತಿದ್ದ ಜನರನ್ನು ನೋಡಿ ನನಗೆ ನಗು ತಡೆಯುತ್ತಿರಲಿಲ್ಲ. ಬರೀ ಹಳ್ಳಿಯ ಜನರಾಗಿದ್ದರೆ ಸುಮ್ಮನಿರುತ್ತಿದ್ದೆ. ಕಾರಿನಲ್ಲಿ ಬರುತ್ತಿದ್ದವರೇ ಹೆಚ್ಚು. ಒಮ್ಮೆ ಹಗರಿಬೊಮ್ಮನಹಳ್ಳಿಯಿಂದ ಒಬ್ಬ ಲೆಕ್ಚರರು ಬಂದಿದ್ದರು. ಮಕ್ಕಳಿಗೆ ತರ್ಕಶಾಸ್ತ್ರ ಹೇಳಿಕೊಡುವವರಂತೆ. ಮನೆಯನ್ನು ಹೊಸಪೇಟೆಯಲ್ಲಿ ಕಟ್ಟಿಸಬೇಕೋ ಹಡಗಲಿಯಲ್ಲೋ ಎಂಬುದು ಅವರ ಪ್ರಶ್ನೆ. ಪೂಜಾರಿ ತಕ್ಷಣ ಎಸಳಿಗೆ ಕೈ ಹಾಕಲಿಲ್ಲ. ನೀರು ಕೊಟ್ಟರು, ಕೂರಿಸಿದರು, ಒಂದೊಂದಾಗಿ ಕೇಳಿದರು.

"ಮನಿಯಾಗ ಅವ್ವಾರು ಏನಂತಾರ?"

"ಅವಳದೇನಿಲ್ರಿ, ನಾನು ಹೇಳಿದಂಗ."

"ಅವ್ರ ತವರುಮನಿ ಯಾವೂರು?"

"ಹಡಗಲಿ ರಿ."

"ಹ್ಞೂಂ. ಹೊಸಪ್ಯಾಟ್ಯಾಗ ಯಾರದಾರ ನಿಮ್ಮೋರು?"

"ನಮ್ಮಣ್ಣ ಅದಾನ್ರಿ. ಮಾತಿಲ್ಲ."

ಪೂಜಾರಿ ಎದ್ದರು, ಹೆಬ್ಬೆರಳು ತಿಕ್ಕಿಕೊಂಡರು, ಎಸಳು ಅಂಟಿಸಿದರು. ಹೊಸಪೇಟೆ ಎಂದು ಕೇಳಿದಾಗ ಎಡಕ್ಕೆ ಬಿತ್ತು. ಹಡಗಲಿ ಎಂದಾಗ ಬಲಕ್ಕೆ. ಲೆಕ್ಚರರು ಕಣ್ಣೊರೆಸಿಕೊಂಡು, ಅಡ್ಡಬಿದ್ದು, ಕಾಯಿ ಒಡೆಸಿ ಹೋದರು. ತರ್ಕಶಾಸ್ತ್ರ ಓದಿದ್ದಕ್ಕೂ ಸಾರ್ಥಕವಾಯಿತು.

ಬಂದ ಉತ್ತರ ಹಿಡಿಸದೆ, ಇನ್ನೊಮ್ಮೆ ಕೇಳಿ ಎಂದು ಗಂಟುಬೀಳುವವರೂ ಇದ್ದರು. ಬೋರ್‌ವೆಲ್ ಕೊರೆಸಲೇ ಎಂದು ಚಿಗಟೇರಿ ಕಡೆಯ ಒಬ್ಬ ರೈತ ಮೂರು ವಾರ ಬಂದ. ನಾಲ್ಕನೆಯ ವಾರ ಪೂಜಾರಿ ಅವನಿಗೆ ಹೇಳಿದ್ದು ನನ್ನ ಕಿಟಕಿಗೂ ಕೇಳಿಸಿತು: "ಅಮ್ಮಗ ಕಿವಿ ಚಲೋ ಅದಾವಪ್ಪ. ನಿನಗ ಕೇಳಿಸವಲ್ದು. ಮೊದ್ಲು ನರ್ಸವ್ವನ ಹತ್ರ ಕಿವಿ ತೋರಿಸ್ಕೊಂಡು ಬಾ."

ಅವನು ನಿಜಕ್ಕೂ ಬಂದ. ನಾನು ಕಿವಿ ನೋಡಿ ಕಳಿಸಿದೆ.

ನಗುವಾಗ ನಾನೇನು ಇವರಿಗಿಂತ ಮೇಲು ಎಂದುಕೊಳ್ಳಬೇಡಿ. ಕಳೆದ ಸಲ ಮಿಕ್ಸರ್ ಕೊಳ್ಳುವಾಗ, ಮುಖ ಮೂತಿ ಗೊತ್ತಿಲ್ಲದ ಯಾರು ಯಾರೋ ಫೋನಿನಲ್ಲಿ ಕೊಟ್ಟಿದ್ದ ನಕ್ಷತ್ರಗಳನ್ನು ಇಡೀ ಭಾನುವಾರ ನೋಡುತ್ತ ಕೂತಿದ್ದೆ. ಆ ಮಿಕ್ಸರ್ ಈಗ ಅಟ್ಟದ ಮೇಲಿದೆ. ಎಸಳಾದರೂ ವಾಸಿ, ಎರಡೇ ಇರುತ್ತವೆ.

ಅಪ್ಪಣೆ ಫಲಿಸಿದವರು ಪೂಜಾರಿಗೆ ಏನಾದರೂ ತರುತ್ತಿದ್ದರು. ದಕ್ಷಿಣೆಯನ್ನು ಅವರು ಹುಂಡಿಗೆ ಹಾಕಿಸುತ್ತಿದ್ದರು, ತಿನ್ನುವುದನ್ನು ಮಾತ್ರ ಬೇಡ ಎನ್ನುತ್ತಿರಲಿಲ್ಲ. ಸಂಬಂಧ ಕುದುರಿದವರು ಹೋಳಿಗೆ, ನೀರು ಬಿದ್ದವರು ಹುಗ್ಗಿ, ಗಂಡು ಹುಟ್ಟಿದವರು ಪೇಡೆ. ಊರಿನ ನಿರ್ಧಾರಗಳೆಲ್ಲ ಬೆಲ್ಲವಾಗಿ, ತುಪ್ಪವಾಗಿ ಅವರ ಹೊಟ್ಟೆ ಸೇರಿದವು. ಒಂದು ದಿನ ಶಿಬಿರದಲ್ಲಿ ನಾನೇ ಅವರ ಬೆರಳು ಚುಚ್ಚಿ ರಕ್ತ ನೋಡಿದೆ. ಯಂತ್ರ ತೋರಿಸಿದ ಅಂಕಿ ನೋಡಿ ಇನ್ನೊಂದು ಬೆರಳು ಚುಚ್ಚಿದೆ.

"ಸಕ್ರಿ ಕಾಯ್ಲಿ ಐತ್ರಿ ನಿಮಗ, ಪೂಜಾರ್ರ. ಗುಳಿಗಿ ತಗೋಬೇಕು. ಪ್ರಸಾದ ಬಿಡಬೇಕು. ಚಪ್ಪಲಿ ಮೆಟ್ಟಬೇಕು."

"ಮೂರೂ ಆಗಂಗಿಲ್ಲವ್ವ" ಎಂದರು. "ಒಂದು ಹೇಳು."

ಗುಳಿಗೆ ಎಂದೆ. ಅದನ್ನೂ ಮಂಗಳವಾರ, ಶುಕ್ರವಾರ ಮಾತ್ರ ತೆಗೆದುಕೊಳ್ಳುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ನಮ್ಮ ಕಡೆ ಜಾಲಿಗೇನು ಬರವಿಲ್ಲ. ಒಂದು ಮುಳ್ಳು ಅವರ ಎಡಗಾಲಿನ ಕಿರುಬೆರಳ ಬುಡಕ್ಕೆ ಹೋಯಿತು. ಅವರಿಗೆ ನೋವೇ ಗೊತ್ತಾಗಲಿಲ್ಲ, ಅದೇ ಅಪಾಯ. ನನ್ನ ಹತ್ತಿರ ಬರುವ ಹೊತ್ತಿಗೆ ಕಿರುಬೆರಳೂ ಅದರ ಪಕ್ಕದ್ದೂ ಕಪ್ಪಿಟ್ಟಿದ್ದವು. ಕೂಡ್ಲಿಗಿಗೆ ಕಳಿಸಿದೆ, ಅಲ್ಲಿಯವರು ದಾವಣಗೆರೆಗೆ ಕಳಿಸಿದರು. ದಾವಣಗೆರೆಯ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಎರಡು ಬೆರಳು ಈಗ ತೆಗೆಸಿದರೆ ಕಾಲು ಉಳಿಯುತ್ತದೆ, ತಡ ಮಾಡಿದರೆ ಮೊಣಕಾಲಿನವರೆಗೆ ಹೋಗುತ್ತದೆ, ಇನ್ನೂ ತಡ ಮಾಡಿದರೆ ಜೀವ. ಯೋಚನೆ ಮಾಡಿ ಬರುತ್ತೇನೆ ಎಂದು ಪೂಜಾರಿ ಊರಿಗೆ ವಾಪಸು ಬಂದುಬಿಟ್ಟರು.

ಆ ಮನುಷ್ಯ ಯೋಚನೆ ಮಾಡಿದ್ದನ್ನು ನೀವು ನೋಡಬೇಕಿತ್ತು. ಊರವರ ಮದುವೆ, ಮನೆ, ಮಾರಾಟಗಳನ್ನು ಒಂದು ಲೋಟ ಟೀ ಆರುವುದರೊಳಗೆ ತೀರ್ಮಾನಿಸಿ ಕಳಿಸುತ್ತಿದ್ದವರು, ತಮ್ಮ ಕಾಲನ್ನು ಮುಂದೆ ಚಾಚಿಕೊಂಡು ಕಟ್ಟೆಯ ಮೇಲೆ ಕೂತು ಹೋಗುವ ಬರುವವರನ್ನೆಲ್ಲ ಕರೆದು ಕೇಳತೊಡಗಿದರು. ಕೇಳಿದರೆ ಕೊಡದಿರುವಷ್ಟು ಜಿಪುಣರು ನಮ್ಮೂರವರಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬರಿಗೆ ಹೀಗೇ ಬೆರಳು ತೆಗೆದರು, ಆಮೇಲೆ ಮನುಷ್ಯನೇ ಹೋದ ಎಂದು ಟೀ ಅಂಗಡಿಯವನು ಹೇಳಿದ. ಕೋಗಳಿ ಕಡೆ ಯಾರೋ ಬೇರು ತೇಯ್ದು ಹಚ್ಚುತ್ತಾರೆ, ಬೆರಳು ಹೊಸದಾಗಿ ಚಿಗುರುತ್ತದೆ ಎಂದು ಕುರಿ ವ್ಯಾಪಾರಿ ಹೇಳಿದ. ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ಅವರಿಬ್ಬರೂ ಒಂದೇ ಮಾತು ಹೇಳಿದರೆ ಮೂರನೆಯವರಿಗೂ ತೋರಿಸಿ ಎಂದು ರಿಟೈರ್ ಆದ ಹೆಡ್‌ಮಾಸ್ತರು ಹೇಳಿದರು. ಹಡಗಲಿಯಲ್ಲಿದ್ದ ಪೂಜಾರಿಯ ಅಳಿಯ ಒಂದು ವಿಡಿಯೋ ಕಳಿಸಿದ. ಅದರಲ್ಲಿ ಒಬ್ಬ ಮನುಷ್ಯ ಎಕ್ಕದ ಎಲೆಗೆ ಬಿಸಿ ಎಣ್ಣೆ ಸವರುತ್ತಿದ್ದ, ಹಿಂದೆ ಭಕ್ತಿಸಂಗೀತ ಬರುತ್ತಿತ್ತು.

ಪೂಜಾರಿಯ ಹೆಂಡತಿ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದಳು: "ದವಾಖಾನಿಗಿ ನಡೀರಿ." ಅದನ್ನು ಯಾರೂ ಅಭಿಪ್ರಾಯ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಂಡತಿ ಹೇಳಿದ್ದು, ಹಿನ್ನೆಲೆಯಲ್ಲಿ ಗಿರಣಿ ತಿರುಗಿದ ಹಾಗೆ.

ನನ್ನ ಮಾತೂ ಅಷ್ಟೆ. ದಿನಾ ಸಂಜೆ ಅವರ ಮನೆಯ ಪಡಸಾಲೆಯಲ್ಲಿ ಕೂತು ಡ್ರೆಸಿಂಗ್ ಮಾಡುತ್ತಿದ್ದೆ. ಒಂದು ವಿಷಯ ಇಲ್ಲಿ ಹೇಳಲೇಬೇಕು. ಕೊಳೆಯುತ್ತಿದ್ದ ಅವರ ಕಾಲನ್ನು ನಾನು ತೊಡೆಯ ಮೇಲಿಟ್ಟುಕೊಂಡು ತೊಳೆಯುವುದಕ್ಕೆ ಆ ಮನೆಯಲ್ಲಾಗಲಿ ಊರಿನಲ್ಲಾಗಲಿ ಯಾರಿಗೂ ಅಡ್ಡಿ ಇರಲಿಲ್ಲ. ಮುಗಿಸಿ ಹೊರಡುವಾಗ ದಾರಿಯಲ್ಲಿ ಸಿಗುತ್ತಿದ್ದ ಗುಡಿಯ ಮೆಟ್ಟಿಲನ್ನು ಮಾತ್ರ ನಾನು ಮುಟ್ಟದೆ ಸುತ್ತುಹಾಕಿಕೊಂಡು ಹೋಗಬೇಕಾಗಿತ್ತು. ಹಾಗಂತ ಯಾರೂ ಬೋರ್ಡು ಹಾಕಿರಲಿಲ್ಲ. ನನ್ನ ಕಾಲೇ ಹಾಗೆ ಕಲಿತುಬಿಟ್ಟಿತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಪ್ಪು ಬಣ್ಣ ಎರಡು ಬೆರಳು ದಾಟಿ ಪಾದಕ್ಕೆ ಬಂತು. ಅವತ್ತು ಸಂಜೆ ನಾನು ಹತ್ತಿಯನ್ನು ಬುಟ್ಟಿಗೆ ಬಿಸಾಡಿ ಹೇಳಿದೆ: "ನಾಳಿಂದ ನಾ ಬರಂಗಿಲ್ರಿ. ಹೆಣಕ್ಕ ಡ್ರೆಸಿಂಗ್ ಮಾಡೋ ಕೆಲ್ಸ ನಂದಲ್ಲ."

ಪೂಜಾರಿ ಕಾಲನ್ನು ಪಂಚೆಯೊಳಗೆ ಎಳೆದುಕೊಂಡರು. ಹೆಂಡತಿ ಒಳಗೆ ಹೋಗಿ ಅತ್ತಳು.

ಮಾರನೆಯ ದಿನ ಮಧ್ಯಾಹ್ನ, ಬಿಸಿಲಿಗೆ ಓಣಿಯಲ್ಲಿ ನಾಯಿಯೂ ಇಲ್ಲದ ಹೊತ್ತು, ಗುಡಿಯ ಒಳಗಿನಿಂದ ಅವರ ದನಿ ಕೇಳಿಸಿತು. "ನರ್ಸವ್ವ! ಏ ನರ್ಸವ್ವ! ಬಾ ಇಲ್ಲಿ."

ಮೆಟ್ಟಿಲ ಕೆಳಗೆ ಹೋಗಿ ನಿಂತೆ. ಅವರು ಅಮ್ಮನ ಮುಂದೆ, ಬ್ಯಾಂಡೇಜಿನ ಕಾಲು ಚಾಚಿಕೊಂಡು ಕೂತಿದ್ದರು. ನೆಲದ ತುಂಬ ಕಣಗಿಲೆ ಎಸಳು.

"ಅಲ್ಲ್ಯಾಕ ನಿಂತಿ? ಒಳಗ ಬಾ."

"ಏನಾಗ್ಯಾದ್ರಿ?"

"ಬಾ ಅಂದ್ರ ಬಾ."

ಚಪ್ಪಲಿ ಬಿಟ್ಟೆ. ಮೆಟ್ಟಿಲು ಹತ್ತಿದೆ. ನಮ್ಮವ್ವ, ಅವರವ್ವ ಯಾರೂ ಹತ್ತದ ಮೆಟ್ಟಿಲು, ನೋಡಿದರೆ ಮಾಮೂಲಿ ಕಲ್ಲು. ಒಳಗೆ ಎಣ್ಣೆ ಕಮಟು, ಬಾವಲಿ ವಾಸನೆ. ಇದಕ್ಕೆ ಇಷ್ಟು ಕಾವಲೇ ಎನ್ನಿಸಿತು.

ಬೆಳಗಿನಿಂದ ನನ್ನ ಕಾಲಿಗೆ ಹೂ ಕೇಳುತ್ತ ಕೂತಿದ್ದೇನೆ ಎಂದರು. ಎಸಳು ಬೀಳುತ್ತಲೇ ಇಲ್ಲವಂತೆ. ಬಲಗಡೆಯದೂ ಇಲ್ಲ, ಎಡಗಡೆಯದೂ ಇಲ್ಲ. ಅಲ್ಲೇ ಒಣಗಿ ಅಂಟಿಕೊಳ್ಳುತ್ತಿವೆಯಂತೆ. ಅವನ್ನು ಕೆರೆದು ತೆಗೆದು ಮತ್ತೆ ಹಚ್ಚಿ, ಮತ್ತೆ ಕೆರೆದು, ಅಮ್ಮನ ಭುಜದ ಬಣ್ಣ ಹೋಗಿತ್ತು.

"ನೀ ಹಚ್ಚು" ಎಂದರು.

"ನಾನಾ?"

"ಹಚ್ಚೋದೇನು ದೊಡ್ಡ ವಿದ್ಯಾ ಅಲ್ಲ. ನೀರು ಬಾಳ ಹತ್ತಿದ್ದು ನಿಲ್ತೈತಿ. ಕಡಿಮಿ ಹತ್ತಿದ್ದು ಬೀಳ್ತೈತಿ. ಅಷ್ಟ."

ಇಷ್ಟು ದೊಡ್ಡ ಗುಟ್ಟನ್ನು ಅವರು ಚಹಾಕ್ಕೆ ಎಷ್ಟು ಸಕ್ಕರೆ ಎಂಬಂತೆ ಹೇಳಿದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಂಚೆಯ ಅಂಚಿಗೆ ಹೆಬ್ಬೆರಳು ತಿಕ್ಕಿಕೊಳ್ಳುತ್ತಿದ್ದದ್ದು ನೆನಪಾಯಿತು. ನೀರು ಎಲ್ಲಿ ಕಡಿಮೆ ಬೇಕೋ ಅಲ್ಲಿ ಒರೆಸಿಕೊಳ್ಳುತ್ತಿದ್ದರು!

"ಹಂಗಾರ ಇಷ್ಟು ವರ್ಷ ಮಂದಿಗಿ ಮೋಸ ಮಾಡಿದ್ರಿ?"

"ಮೋಸ ಯಾಕ? ಚಿಗಟೇರಿಯಾಂವಗ ಕಲ್ಲು ಭೂಮ್ಯಾಗ ಬೋರು ಹೊಡಿಬ್ಯಾಡಂತ ಬಾಯಿಲೆ ಹೇಳಿದ್ರ ಕೇಳ್ತಿದ್ದನೇನು? ಕುರಿ ಕಾದೋನ ಮಾತು ಯಾರು ಕೇಳ್ತಾರ? ತೆಲಿಗಿ ಊರಿಂದ ಸಂಬಂಧ ಕೇಳಾಕ ಬಂದಿದ್ದ ಹುಡುಗಿ ನೆನಪೈತೇನು? ಕಟ್ಟೆಮ್ಯಾಗ ಕುಂತು ಉಗುರು ಕಡೀತಿದ್ಲು. ಆ ಗಂಡು ಆಕಿಗಿ ಬ್ಯಾಡಾಗಿತ್ತು. ಅವ್ರಪ್ಪಗ ಅದು ಕಾಣ್ಲಿಲ್ಲ, ನನಗ ಕಾಣ್ತು. ಎಡಕ್ಕ ಕೆಡವಿದೆ. ಈಗ ಹೇಳು, ಮೋಸ ಆತೇನು?"

ನನಗೆ ಸಿಟ್ಟು ಬಂತು. "ಅಷ್ಟೆಲ್ಲ ಕಾಣೋರಿಗಿ ನಿಮ್ಮ ಕಾಲು ಕಾಣವಲ್ದೇನ್ರಿ?" ಎಂದೆ.

ಅವರು ತಮ್ಮ ಹೆಬ್ಬೆರಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಮಂದಿದು ಆದ್ರ ಇದು ತಾನ ಹೋಗ್ತಿತ್ತು. ನಂದು ಅಂದ ಕೂಡ್ಲೆ ನಡುಗ್ತೈತಿ. ಎರಡೂ ಕಡಿಗಿ ನೀರು ಬಾಳ ಹಚ್ಚಿಬಿಡ್ತೀನಿ."

"ಹೂ ಯಾಕ ಬೇಕು? ನಾನ ಹೇಳ್ತೀನಿ. ಕಾಲು ತೆಗಸ್ರಿ, ಬದುಕ್ರಿ."

"ಅದು ನಿನ್ನ ಮಾತಾತು. ನನಗ ಅಮ್ಮನ ಮಾತು ಬೇಕು."

ಆ ಹೊತ್ತಿನಲ್ಲಿ ನನಗೆ ಅವರನ್ನು ನೋಡಿ ಅಳು ಬಂತು, ನಗುವೂ ಬಂತು. ಇಡೀ ಸೀಮೆಗೆ ಅಮ್ಮನ ಹೆಸರಿನಲ್ಲಿ ತನ್ನ ಮಾತನ್ನೇ ಕೊಟ್ಟ ಮನುಷ್ಯ, ಕೊನೆಗೆ ಆ ಕೌಂಟರಿನ ಮುಂದೆ ತಾನೇ ಸರದಿಯಲ್ಲಿ ನಿಂತಿದ್ದರು.

"ಊರಾಗ ಇಷ್ಟು ಮಂದಿ ಅದಾರ, ನನ್ನ ಯಾಕ ಕರದ್ರಿ?"

"ಹೂ ಕೇಳದ ಮನಿ ನಿಮ್ದೊಂದ" ಎಂದರು. "ನಿನ್ನ ಕೈ ನಡುಗಂಗಿಲ್ಲ."

ನಾನು ಎರಡು ಎಸಳು ಆರಿಸಿಕೊಂಡೆ. ಎಡಗಡೆಯದನ್ನು ನೀರಿನಲ್ಲಿ ಮುಳುಗಿಸಿ, ತೊಟ್ಟಿಕ್ಕುವ ಹಾಗೆ ತೆಗೆದು, ಒತ್ತಿ ಹಚ್ಚಿದೆ. ಬಲಗಡೆಯದನ್ನು ಸೀರೆಯ ಸೆರಗಿಗೆ ಚೆನ್ನಾಗಿ ಒರೆಸಿದೆ. ನನ್ನ ಬೆರಳು ಭುಜ ಬಿಟ್ಟು ಬರುವುದಕ್ಕೂ ಮುಂಚೆಯೇ ಅದು ಕೆಳಗೆ ಬಿತ್ತು.

ಇಬ್ಬರೂ ಅದನ್ನೇ ನೋಡಿದೆವು. ಪೂಜಾರಿ ಒಂದು ಕಣ್ಣು ಮುಚ್ಚಿದರು.

"ಹ್ಞೂಂ" ಎಂದರು. "ಅಮ್ಮಗ ಬಾಳ ಅವಸರ ಇದ್ದಂಗೈತಿ."

ಅದೇ ಸಂಜೆ ದಾವಣಗೆರೆಗೆ ಹೋದರು. ಊರವರನ್ನೆಲ್ಲ ಕೇಳುತ್ತ ಕೂತದ್ದಕ್ಕೆ ತೆರಬೇಕಾದ್ದನ್ನು ತೆತ್ತರು. ಎರಡು ಬೆರಳಿನಲ್ಲಿ ಮುಗಿಯುತ್ತಿದ್ದದ್ದು ಅರ್ಧ ಪಾದಕ್ಕೆ ಹೋಯಿತು. ಕಾಲು ಉಳಿಯಿತು, ಜೀವವೂ ಉಳಿಯಿತು. ಬಂದ ಮೇಲೆ ಚಪ್ಪಲಿ ಮೆಟ್ಟಿದರು, ಅದೂ ಡಾಕ್ಟರು ಬರೆದುಕೊಟ್ಟ ಕರಿ ಬಣ್ಣದ ದಪ್ಪ ಚಪ್ಪಲಿ. ಅದನ್ನು ಯಾರಾದರೂ ನೋಡಿದರೆ ಪಂಚೆ ಇಳಿಬಿಟ್ಟುಕೊಳ್ಳುತ್ತಿದ್ದರು.

ಅವರು ಆಸ್ಪತ್ರೆಯಲ್ಲಿದ್ದಾಗ ಗುಡಿಯಲ್ಲಿ ಅವರ ಬದಲು ಅವರ ತಮ್ಮ ಹೂ ಹಚ್ಚಿದ. ಒಳ್ಳೆಯವನು, ಯಾರಿಗೂ ಬೇಡ ಎನ್ನಲು ಬಾರದವನು. ಅವನು ಹಚ್ಚಿದ ಎಸಳೆಲ್ಲ ಬಲಕ್ಕೇ ಬಿದ್ದವು. ಒಂದೇ ಎಮ್ಮೆಯನ್ನು ಕೊಳ್ಳಬೇಕೆಂದು ಬಂದ ಇಬ್ಬರಿಗೂ ಬಲಕ್ಕೇ ಬಿದ್ದು, ಸಂತೆಯಲ್ಲಿ ಇಬ್ಬರೂ ಒಂದೇ ಹಗ್ಗ ಹಿಡಿದು ಎಳೆದಾಡಿದರು. ಎಮ್ಮೆ ಇಬ್ಬರನ್ನೂ ಹಾಯ್ದು ಓಡಿತು, ಅಲ್ಲಿಂದ ತಮ್ಮನ ಹೂವನ್ನು ಯಾರೂ ಅಷ್ಟಾಗಿ ನಂಬಲಿಲ್ಲ.

ನಾನು ಗುಡಿಯೊಳಗಿಂದ ಇಳಿದು ಬಂದದ್ದನ್ನು ಅವತ್ತು ಮಧ್ಯಾಹ್ನ ಯಾರೋ ನೋಡಿದ್ದರು. ನಮ್ಮೂರಿನಲ್ಲಿ ನಾಯಿ ಇಲ್ಲದ ಹೊತ್ತಿನಲ್ಲೂ ಮನುಷ್ಯರು ಇರುತ್ತಾರೆ. ಪೂಜಾರಿ ವಾಪಸು ಬಂದ ಮೇಲೆ ಗುಡಿಯ ಹಿರಿಯರು ಮಂಗಳವಾರ ಸಭೆ ಕೂಡಿಸಿದರು. ಬಹಳ ನಯವಾಗಿ ಮಾತಾಡಿದರು. ಯಾರ ಮೇಲೂ ಸಿಟ್ಟಿಲ್ಲ, ನರ್ಸವ್ವ ನಮ್ಮ ಮನೆಯ ಮಗಳಿದ್ದ ಹಾಗೆ, ಆದರೆ ಪದ್ಧತಿ ಅಂತ ಒಂದಿದೆ, ಅಮ್ಮ ಮುನಿದರೆ ಊರಿಗೆ ಕಷ್ಟ, ಗುಡಿ ತೊಳೆದು ಶುದ್ಧಿ ಮಾಡಬೇಕೋ ಬೇಡವೋ, ನಾವ್ಯಾಕೆ ಹೇಳಬೇಕು, ಅಮ್ಮನನ್ನೇ ಹೂ ಕೇಳೋಣ ಎಂದರು.

ನಾನು ಮೆಟ್ಟಿಲ ಕೆಳಗೆ ಬಂದು ನಿಂತಿದ್ದೆ. ಹೆದರಿಕೆಯೇನೂ ಇರಲಿಲ್ಲ. ಹೆಬ್ಬೆರಳಿನ ವಿದ್ಯೆ ನನಗೆ ಗೊತ್ತಿತ್ತಲ್ಲ! ಒಂದು ಹನಿ ನೀರಿನ ಕೆಲಸ. ಶುದ್ಧಿ ಬೇಡ ಎಂದು ಎಡಗಡೆಯ ಎಸಳು ಬೀಳುತ್ತದೆ, ಹಿರಿಯರ ಬಾಯಿ ಮುಚ್ಚುತ್ತದೆ. ಒಳಗೊಳಗೇ ನಗುತ್ತ ಕಾಯುತ್ತಿದ್ದೆ.

ಪೂಜಾರಿ ಕುಂಟುತ್ತ ಎದ್ದರು. ಬಟ್ಟಲು ತೆಗೆದುಕೊಂಡರು. ಹೆಬ್ಬೆರಳು ಅದ್ದಿದರು. ಆಮೇಲೆ ಏನಾಯಿತೋ, ಬಟ್ಟಲಿನ ನೀರನ್ನು ಹೊಸ್ತಿಲ ಹೊರಗೆ ಚೆಲ್ಲಿದರು.

"ಹೂ ಕೇಳಂಗಿಲ್ಲ" ಎಂದರು. "ಆಕೀನ ಒಳಗ ಕರದೋನು ನಾನು. ಚಲೋನ ಮಾಡೀನಿ. ಇದು ಅಮ್ಮನ ಮಾತಲ್ರಪ, ನನ್ನ ಮಾತು."

ಜೀವಮಾನದಲ್ಲಿ ಅವರು ತಮ್ಮ ಹೆಸರಿನಲ್ಲಿ ಹೇಳಿದ ಮೊದಲ ತೀರ್ಮಾನ ಅದು. ಅದಕ್ಕೆ ಏನಾಯಿತು ಎನ್ನುತ್ತೀರಿ? ಯಾರೂ ಕೇಳಲಿಲ್ಲ. ಅಮ್ಮನ ಅಪ್ಪಣೆ ಸಿಗಲಿಲ್ಲವಾದ್ದರಿಂದ ಶುದ್ಧಿ ಮಾಡುವುದೇ ಕ್ಷೇಮವೆಂದು ಟ್ಯಾಂಕರ್ ತರಿಸಿ ಗುಡಿ ತೊಳೆದರು. ಪೂಜಾರಿ ಕರಿ ಚಪ್ಪಲಿ ಮೆಟ್ಟಿಕೊಂಡು ಕಟ್ಟೆಯ ಮೇಲೆ ಕೂತು, ನೀರು ಓಣಿಯಲ್ಲಿ ಹರಿದು ಹೋಗುವುದನ್ನು ನೋಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಎಲ್ಲರೂ ಹೋದ ಮೇಲೆ ಜಗಳಕ್ಕೇ ನಿಂತೆ. "ಹೂ ಹಚ್ಚಿದ್ರ ಎಡಕ್ಕ ಬೀಳ್ತಿತ್ತಲ್ರಿ! ನಿಮ್ಮ ಕೈಯಾಗ ಇತ್ತಲ್ರಿ!"

"ಬೀಳ್ತಿತ್ತು" ಎಂದರು. "ಅಮ್ಮ ಒಳಗ ಬಿಟ್ಲು ಅಂತಿದ್ರು. ನಾ ಕರದಿದ್ದು ಎಲ್ಲಿ ಹೋಗ್ತಿತ್ತವ್ವ?"

ಅವತ್ತು ನಾನು ಓಣಿಯ ಕೆಸರು ದಾಟಿಕೊಂಡು ಮನೆಗೆ ಹೋದೆ. ಆ ಮುದುಕನ ಮೇಲೆ ಎಷ್ಟೋ ವರ್ಷಗಳಿಂದ ಇಟ್ಟುಕೊಂಡಿದ್ದ ಸಿಟ್ಟು ಪೂರ್ತಿ ಹೋಯಿತೆಂದು ಹೇಳುವುದಿಲ್ಲ. ಅರ್ಧ ಹೋಯಿತು. ಉಳಿದರ್ಧ ಟ್ಯಾಂಕರಿನವರ ಕಡೆ ತಿರುಗಿತು, ಇನ್ನೂ ಅಲ್ಲೇ ಇದೆ.

ಕೆಲವು ವಾರ ಜನ ಗುಡಿಗೆ ಬರಲಿಲ್ಲ. ಆಮೇಲೆ ಎಮ್ಮೆ ಕಳೆದುಕೊಂಡವರಿಬ್ಬರೂ ಮೊದಲು ಬಂದರು, ಅವರ ಹಿಂದೆ ಉಳಿದವರು. ಪೂಜಾರಿ ಒಂದು ಹೊಸ ರೂಢಿ ಇಟ್ಟುಕೊಂಡರು. ಬಂದವರ ಕಥೆಯನ್ನೆಲ್ಲ ಕೇಳಿ, "ಹೂ ಬೇಕೋ, ನನ್ನ ಮಾತು ಬೇಕೋ?" ಎನ್ನುತ್ತಿದ್ದರು. ಕಿಟಕಿಯಲ್ಲಿ ಕೂತು ನಾನು ಕಿವಿಗೊಡುತ್ತಿದ್ದೆ. ಅವರು ಸಾಯುವವರೆಗೂ ಒಬ್ಬನೇ ಒಬ್ಬ ಅವರ ಮಾತು ಬೇಕು ಎನ್ನಲಿಲ್ಲ. ಎಲ್ಲರೂ ಹೂವೇ ಬೇಕೆಂದರು. ಅವರು ನಗುತ್ತ ಹೆಬ್ಬೆರಳು ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಎರಡೂ ಒಂದೇ ಎಂದು ಗೊತ್ತಿದ್ದವರು ಊರಿನಲ್ಲಿ ನಾವಿಬ್ಬರೇ.

ಬೇಸಿಗೆಯ ಒಂದು ಬೆಳಗಿನ ಜಾವ ಮಲಗಿದ್ದಲ್ಲೇ ಹೋದರು. ಹಡಗಲಿಯ ಮಗಳು ಅಳಿಯ ಬಂದು ಸೇರಿದರು. ಕುಣಿ ಅಗೆಯುವವರು ಅಗೆದು ಮುಗಿಸಿ ಅದರ ದಂಡೆಯ ಮೇಲೆ ಕೂತಿದ್ದರು. ಆದರೂ ಹೆಣ ಎತ್ತುವವರಿಲ್ಲ. ರಾಹುಕಾಲ ಮುಗಿಯಲಿ ಎಂದರು ಒಬ್ಬರು. ಮುಗಿದ ಮೇಲೆ, ಪೂಜಾರಿಯ ಹೆಣ, ಅಮ್ಮನ ಅಪ್ಪಣೆ ಇಲ್ಲದೆ ಎತ್ತಬಾರದು ಎಂದರು ಇನ್ನೊಬ್ಬರು. ತಮ್ಮನಿಗೆ ಸೂತಕ, ಅವನು ಅಮ್ಮನನ್ನು ಮುಟ್ಟುವ ಹಾಗಿಲ್ಲ. ಮುಟ್ಟದೆ ಎಸಳು ಅಂಟುವುದಿಲ್ಲ. ಬಹಳ ಚರ್ಚೆಯಾಗಿ, ಮುಚ್ಚಿದ ಗುಡಿಯ ಬಾಗಿಲಿಗೇ ಹಚ್ಚಿದರೆ ನಡೆಯುತ್ತದೆಂದು ಹೆಡ್‌ಮಾಸ್ತರು ದಾರಿ ತೋರಿಸಿದರು. ಹಚ್ಚಿದರು. ಹೊಸದಾಗಿ ಆಯಿಲ್ ಪೇಂಟ್ ಬಳಿದಿದ್ದ ಬಾಗಿಲು. ಎರಡು ಎಸಳೂ ಹಲ್ಲಿಯ ಹಾಗೆ ಕಚ್ಚಿ ಕೂತವು.

ಬಿಸಿಲು ನೆತ್ತಿಗೆ ಬಂತು. ಊರಿಗೆ ಊರೇ ಬಾಯಿ ತೆರೆದುಕೊಂಡು ಬಾಗಿಲು ನೋಡುತ್ತಿತ್ತು. ಹೆಣದ ಕಡೆ ಯಾರಿಗೂ ಲಕ್ಷ್ಯವಿರಲಿಲ್ಲ. ಆ ಅರ್ಧ ಪಾದ ಬಟ್ಟೆಯಿಂದ ಹೊರಗೆ ಬಂದು, ಅದರ ಮೇಲೆ ನೊಣ ಕೂತಿತ್ತು. ಹೆಂಡತಿ ಸೆರಗಿನಿಂದ ಅದನ್ನು ಓಡಿಸುತ್ತ ನನ್ನ ಮುಖ ನೋಡಿದಳು.

"ನರ್ಸವ್ವ, ಇವ್ರು ಎತ್ತಂಗಿಲ್ಲೇನು?"

ನಾನು ಹೋಗಿ ಗುಡಿಯ ಮೆಟ್ಟಿಲ ಮೇಲೆ ಹತ್ತಿ ನಿಂತೆ. ಎಲ್ಲರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. "ಎತ್ರಿ."

ಎತ್ತಿದರು. ಯಾರಾದರೊಬ್ಬರು ಹೇಳಲಿ ಎಂದೇ ಕಾಯುತ್ತಿದ್ದವರ ಹಾಗೆ, ಹೇಳಿದವರು ಯಾರೆಂದೂ ನೋಡದೆ, ನಾಲ್ಕೂ ಕಡೆಯಿಂದ ಹೆಗಲು ಕೊಟ್ಟರು.

ಈಗ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಬಲಗಡೆಯ ಎಸಳು ತಾನಾಗಿಯೇ ಬಿತ್ತು, ಅಮ್ಮನೇ ತನ್ನ ಪೂಜಾರಿಯನ್ನು ಕಳಿಸಿಕೊಟ್ಟಳು ಎನ್ನುತ್ತಾರೆ. ಕಣ್ಣಾರೆ ಕಂಡವರೂ ಇದ್ದಾರೆ. ಎಸಳು ಬೀಳಲಿಲ್ಲ. ಮಣ್ಣು ಮುಗಿಸಿ ವಾಪಸು ಬರುವಾಗಲೂ ಎರಡೂ ಅಲ್ಲೇ ಇದ್ದವು, ನಾನು ನೋಡಿದ್ದೇನೆ. ಎತ್ರಿ ಎಂದವಳು ನಾನು.